ಕತ್ತರಿ ಬೀಳುವ ಮುಂಚಿನ ಆರು ರೀಲು

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ, ಹಳೇ ಸಿನಿಮಾ ಎಲ್ಲ ಮರ್ಯಾದಸ್ಥ, ಈಗಿನದು ಬರೀ ಗಲೀಜು ಅನ್ನುವ ಧಾಟಿಯ ಲೇಖನ ಓದಿದೆ. ಹಾಸನ ಜಿಲ್ಲೆಯ ಟೂರಿಂಗ್ ಟಾಕೀಸುಗಳಲ್ಲಿ, ಆಮೇಲೆ ಪೇಟೆಯ ಥಿಯೇಟರಿನಲ್ಲಿ 31 ವರ್ಷ ಪ್ರೊಜೆಕ್ಟರ್ ಓಡಿಸಿದವನು ನಾನು. ಸುಮ್ನೆ ಇರಲಾಗಲಿಲ್ಲ.

ಮಗಳು ಬೆಂಗಳೂರಿನಿಂದ 1932ರ ‘ತ್ರೀ ಆನ್ ಎ ಮ್ಯಾಚ್’ ಎಂಬ ಹಾಲಿವುಡ್ ಚಿತ್ರದ ಡಿವಿಡಿ ತಂದುಕೊಟ್ಟಿದ್ದಳು. ಹೋದ ವಾರ ಅದನ್ನು ಎರಡನೇ ಸಲ ನೋಡಿದೆ. ನಿರ್ದೇಶಕ ಮೆರ್ವಿನ್ ಲೆರಾಯ್. ಒಟ್ಟು 63 ನಿಮಿಷ, ಅಂದರೆ ಆರು ರೀಲಿನ ಆಸುಪಾಸು. ನಮ್ಮ ಚಿತ್ರಗಳಲ್ಲಿ ಅಷ್ಟರಲ್ಲಿ ಇಂಟರ್‌ವಲ್ಲೂ ಆಗಿರುವುದಿಲ್ಲ.

ಒಂದೇ ಶಾಲೆಯಲ್ಲಿ ಓದಿದ ಮೂವರು ಹೆಂಗಸರು ವರ್ಷಗಳ ಮೇಲೆ ಸಿಕ್ಕಿ, ಒಂದೇ ಕಡ್ಡಿಯಲ್ಲಿ ಮೂರು ಸಿಗರೇಟು ಹಚ್ಚುತ್ತಾರೆ. ಹಾಗೆ ಹಚ್ಚಿದರೆ ಮೂರನೆಯವರಿಗೆ ಸಾವು ಅಂತ ಅವರ ಕಡೆ ನಂಬಿಕೆ. ಮೂರನೆಯವಳು ವಿವಿಯನ್, ವಕೀಲನ ಹೆಂಡತಿ. ದುಡ್ಡು, ಮಗ ಎಲ್ಲ ಇದ್ದೂ ಬೇಜಾರು. ಮಗನನ್ನು ಕಟ್ಟಿಕೊಂಡು ಬೇರೊಬ್ಬನ ಜೊತೆ ಹೋಗುತ್ತಾಳೆ.

ಶಾಲೆಗೂ ಆ ಭೇಟಿಗೂ ನಡುವಿನ ವರ್ಷಗಳನ್ನೆಲ್ಲ ಪೇಪರಿನ ತಲೆಬರಹ ತೋರಿಸಿಯೇ ದಾಟಿಸುತ್ತಾರೆ. ವಿವಿಯನ್ ಮದುವೆಯನ್ನೂ ತೋರಿಸುವುದಿಲ್ಲ. ಜಾವಗಲ್ ಕಡೆಯ ಒಂದು ಟೆಂಟಿನಲ್ಲಿ ನಾನೂ ಒಮ್ಮೆ ರೀಲು ಹಿಂದುಮುಂದು ಮಾಡಿ ಮದುವೆಗೆ ಮುಂಚೆಯೇ ಮಗು ಹುಟ್ಟಿಸಿದ್ದೆ. ನೆಲದ ಕ್ಲಾಸಿನವರು ಹಾಕಿದ ಶಿಳ್ಳೆ ಇನ್ನೂ ಕಿವಿಯಲ್ಲಿದೆ!

ವಿವಿಯನ್ ಮಾಡಿದ ಆನ್ ದ್ವೋರಾಕ್ ಕಣ್ಣಿನ ಸುತ್ತ ಕೊನೆಕೊನೆಗೆ ಕಪ್ಪು. ಅವಳಿಗೇನು ಜ್ವರವಾ ಅಂತ ನನ್ನಾಕೆ ಕೇಳಿದಳು. ಆಗ ಒಬ್ಬ ರೌಡಿ ಅವಳತ್ತ ನೋಡಿ ಸುಮ್ಮನೆ ಮೂಗು ಉಜ್ಜಿಕೊಳ್ಳುತ್ತಾನೆ. ಅಷ್ಟೇ. ಪುಡಿ ಇಲ್ಲ, ಪೊಟ್ಟಣ ಇಲ್ಲ. ಕೊಕೇನ್ ಚಟ ಅಂತ ಗೊತ್ತಾಗಿಹೋಗುತ್ತದೆ. ಆ ರೌಡಿ, ಇನ್ನೂ ಹೆಸರು ಮಾಡಿರದ ಹಂಫ್ರಿ ಬೋಗಾರ್ಟ್. ಮೊದಲ ಸಲ ನೋಡಿದಾಗ ನನಗೆ ಇದು ಕಂಡೇ ಇರಲಿಲ್ಲ. ಕಡೆಗೆ ವಿವಿಯನ್, ರೌಡಿಗಳು ಮಗನನ್ನು ಕೂಡಿಟ್ಟ ಜಾಗವನ್ನು ಲಿಪ್‌ಸ್ಟಿಕ್ಕಿನಲ್ಲಿ ತನ್ನ ಬಟ್ಟೆಯ ಮೇಲೇ ಬರೆದುಕೊಂಡು, ಕಿಟಕಿ ಒಡೆದು ಹಾರುತ್ತಾಳೆ. ಅವಳ ಹೆಣವೇ ಪೊಲೀಸರಿಗೆ ಕಾಗದ.

ಇಂಥದ್ದನ್ನು ತೋರಿಸಬಾರದು ಅಂತ ಹಾಲಿವುಡ್‌ನವರು 1930ರಲ್ಲೇ ನಿಯಮ ಬರೆದಿದ್ದರು. ಕೇಳುವವರಿರಲಿಲ್ಲ. ಆ ನಿಯಮ ಜಾರಿ ಮಾಡುವ ಕಚೇರಿಗೆ ಜೋಸೆಫ್ ಬ್ರೀನ್ ಬಂದು ಬಿಗಿ ಮಾಡಿದ್ದು 1934ರ ಜುಲೈನಲ್ಲಿ. ಅದೇ ವರ್ಷದ ಮಾರ್ಚಿನಲ್ಲಷ್ಟೇ ನಮ್ಮ ‘ಸತಿ ಸುಲೋಚನ’ ಬಂದು ಪರದೆಯ ಮೇಲೆ ಕನ್ನಡ ಮಾತಾಡಿತ್ತು. ಅಲ್ಲಿಂದಾಚೆ ಬಂದ ಹಾಲಿವುಡ್ ಚಿತ್ರಗಳು ಕತ್ತರಿ ಬಿದ್ದ ಮೇಲಿನವು. ಅವನ್ನು ಮುಂದಿಟ್ಟುಕೊಂಡು ಆ ಕಾಲದವರೇ ಸಭ್ಯರು ಅಂದರೆ ಹೇಗೆ? ಕತ್ತರಿ ಹಿಡಿದವನ ಸಭ್ಯತೆ ಅದು, ಅಲ್ವಾ?

ಚಿತ್ರದಲ್ಲಿ ಕೊರತೆ ಇಲ್ಲ ಅಂತಲ್ಲ. ಮೂವರಲ್ಲಿ ಒಬ್ಬಳಾದ ಬೆಟ್ಟಿ ಡೇವಿಸ್‌ಗೆ ಕೆಲಸವೇ ಇಲ್ಲ. ನನ್ನಾಕೆಯ ತಕರಾರು ಬೇರೆ. ಆ ವಕೀಲ ಡೈವೋರ್ಸ್ ಕೊಟ್ಟು, ಹೆಂಡತಿಯ ಗೆಳತಿಯನ್ನೇ ತಡಮಾಡದೆ ಕಟ್ಟಿಕೊಳ್ಳುತ್ತಾನೆ. ‘ಅಷ್ಟು ಬೇಗನಾ? ನೀವೇನಾದ್ರೂ ಇಲ್ಲೂ ರೀಲು ಹಾರಿಸಿದ್ರಾ?’ ಅಂದಳು. ಡಿವಿಡಿಯಲ್ಲಿ ಹಾಗೆಲ್ಲ ಆಗಲ್ಲ ಅಂದರೂ ನಂಬಲಿಲ್ಲ.

– ನಿವೃತ್ತ ಟಾಕೀಸ್ ಆಪರೇಟರ್, ವಿದ್ಯಾನಗರ, ಹಾಸನ