ಮೂರನೇ ದಿನಕ್ಕೇ ‘ಸಹಜ ಸ್ಥಿತಿ’ ಅಂದರೆ ಹೇಗೆ?

ಮಾನ್ಯ ಸಂಪಾದಕರೇ,

ಎಲ್ಲಾದರೂ ಗುಂಡಿನ ದಾಳಿಯಾಗಿ ಜನ ಸತ್ತರೆ ಪತ್ರಿಕೆಗಳಲ್ಲಿ ಮೊದಲ ದಿನ ‘ರಕ್ತದೋಕುಳಿ’, ಎರಡನೇ ದಿನ ‘ಮುಗಿಲು ಮುಟ್ಟಿದ ಆಕ್ರಂದನ’, ಮೂರನೇ ದಿನ ‘ಸಹಜ ಸ್ಥಿತಿಗೆ ಮರಳಿದ ಜನಜೀವನ’. ಮೊದಲೆರಡರ ತಕರಾರು ಇನ್ನೊಮ್ಮೆ ತೆಗೆಯುತ್ತೇನೆ. ಮೂರನೆಯದನ್ನು ಕೈಬಿಡಿ ಎಂದು ಕೇಳಲಿಕ್ಕೆ ಈ ಪತ್ರ.

2019ರ ಮಾರ್ಚ್‌ನಲ್ಲಿ ನಾನು ಮಗಳ ಬಾಣಂತನಕ್ಕೆಂದು ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್‌ಗೆ ಹೋಗಿದ್ದೆ. 15ನೇ ತಾರೀಕು, ಶುಕ್ರವಾರ ಮಧ್ಯಾಹ್ನ ಕೂಸನ್ನು ಮಲಗಿಸಿ ಬಟ್ಟೆ ಮಡಚುತ್ತಿದ್ದಾಗ ಒಂದರ ಹಿಂದೊಂದು ಸೈರನ್. ಹ್ಯಾಗ್ಲಿ ಪಾರ್ಕ್ ಎದುರಿನ ಅಲ್ ನೂರ್ ಮಸೀದಿಯಲ್ಲಿ, ಆಮೇಲೆ ಲಿನ್‌ವುಡ್‌ನ ಮಸೀದಿಯಲ್ಲಿ, ಜುಮ್ಮಾ ನಮಾಜಿಗೆ ಬಂದವರ ಮೇಲೆ ಒಬ್ಬನೇ ಗುಂಡು ಹಾರಿಸಿದ್ದ. ಊರಿನ ಶಾಲೆಗಳನ್ನೆಲ್ಲ ಮಕ್ಕಳು ಒಳಗಿರುವಂತೆಯೇ ಮುಚ್ಚಿಬಿಟ್ಟರು. ಆರು ವರ್ಷದ ನನ್ನ ಮೊಮ್ಮಗ ಮನೆಗೆ ಬಂದಾಗ ಸಂಜೆ ಆರು ದಾಟಿತ್ತು. ಚಡ್ಡಿ ಒದ್ದೆಯಾಗಿ ಒಣಗಿತ್ತು. “ಅಜ್ಜಿ, ಟೀಚರ್ ಬರೀ ಕಣ್ಣಲ್ಲೇ ಮಾತಾಡ್ತಿದ್ರು” ಅಂದ. ನಾನು ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳು. ಆ ಟೀಚರನ್ನು ನೆನೆದು ಆವತ್ತು ರಾತ್ರಿ ನಿದ್ದೆ ಹತ್ತಲಿಲ್ಲ.

ಊರಿಂದ ಫೋನ್ ಮಾಡಿದವರೆಲ್ಲ ಬಾಂಗ್ಲಾದೇಶದ ಕ್ರಿಕೆಟ್ ತಂಡದ ವಿಷಯ ಕೇಳಿದರು. ಅವರ ಬಸ್ಸು ಮಸೀದಿ ಹತ್ತಿರದವರೆಗೂ ಬಂದಿತ್ತು, ಕೆಲವೇ ನಿಮಿಷಗಳ ಅಂತರದಲ್ಲಿ ಬಚಾವಾದರು, ನಿಜ. ಆದರೆ ಒಳಗಿದ್ದವರನ್ನು ಯಾರೂ ಕೇಳಲಿಲ್ಲ. ಸತ್ತವರಲ್ಲಿ ನಮ್ಮ ದೇಶದವರೂ ಇದ್ದರು.

ಸತ್ತವರ ಲೆಕ್ಕ ಮೊದಲು 49 ಅಂದರು. ಎರಡು ದಿನದ ಮೇಲೆ 50. ಅಷ್ಟು ಹೊತ್ತಿಗೆ ನಮ್ಮ ಕನ್ನಡ ಪತ್ರಿಕೆಯೊಂದು ‘ನಗರ ಸಹಜ ಸ್ಥಿತಿಯತ್ತ’ ಎಂದು ಒಳಪುಟದಲ್ಲಿ ನಾಲ್ಕು ಸಾಲು ಹಾಕಿ ಕೈತೊಳೆದುಕೊಂಡಿತ್ತು. ಮೊಬೈಲಿನಲ್ಲಿ ಓದಿದೆ. ಅದೇ ದಿನ ಬೊಟಾನಿಕ್ ಗಾರ್ಡನ್ ಗೋಡೆಗುಂಟ ಜನ ಹೂ ಇಡುತ್ತಲೇ ಇದ್ದರು. ಆಸ್ಪತ್ರೆಯಲ್ಲಿ ಆಪರೇಷನ್‌ಗಳು ನಡೆಯುತ್ತಲೇ ಇದ್ದವು. ದಫನ್ ಕೂಡ ಆಗಿರಲಿಲ್ಲ, ಅದು ಶುರುವಾಗಿದ್ದು 20ಕ್ಕೆ. ಐವತ್ತೊಂದನೆಯವರು ತೀರಿಕೊಂಡದ್ದು ಮೇ 2ರಂದು, ಹತ್ತಿರ ಹತ್ತಿರ ಏಳು ವಾರ ಆಸ್ಪತ್ರೆಯಲ್ಲಿದ್ದು. ನಾನು ಹುಡುಕಿದ ಮಟ್ಟಿಗೆ ಆ ಸಾವು ಆ ಪತ್ರಿಕೆಯಲ್ಲಿ ಬರಲೇ ಇಲ್ಲ.

ಹಾಗಂತ ಆ ಊರು ಬರೀ ಅಳುತ್ತಾ ಕೂತಿರಲಿಲ್ಲ. ಮುಂದಿನ ಶುಕ್ರವಾರ, 22ಕ್ಕೆ, ಅಳಿಯ ನನ್ನನ್ನು ಹ್ಯಾಗ್ಲಿ ಪಾರ್ಕಿಗೆ ಕರೆದುಕೊಂಡು ಹೋದರು. ಸಾವಿರಾರು ಜನ. ಅಜಾನ್ ಆ ದಿನ ದೇಶದ ರೇಡಿಯೋ, ಟಿವಿಯಲ್ಲೆಲ್ಲ ಕೇಳಿಸಿತು. ಆಮೇಲೆ ಎರಡು ನಿಮಿಷ ಮೌನ. ಬಿಳಿಯ ಹೆಂಗಸರು ಸ್ಕಾರ್ಫ್ ಕಟ್ಟಿಕೊಂಡು ಬಂದಿದ್ದರು. ಅದು ಸರಿಯೋ, ಬರೀ ತೋರಿಕೆಯೋ ಅಂತ ಅಲ್ಲೇ ವಾದವೂ ಎದ್ದಿತ್ತು. ನಾನು ಸ್ವೆಟರ್ ಮೇಲಿಂದ ಸೆರಗನ್ನು ತಲೆಗೆ ಎಳೆದುಕೊಂಡೆ. ಸಾವಿನ ಮನೆಯ ಮುಂದೆ ನಮ್ಮವ್ವನೂ ಹಾಗೇ ನಿಲ್ಲುತ್ತಿದ್ದಳು. ಅಲ್ ನೂರ್‌ನ ಇಮಾಮ್ ಗಮಾಲ್ ಫೌದಾ ಅವರ ಮಾತಿನಲ್ಲಿ ಒಂದನ್ನು ಅಳಿಯ ನನಗೆ ಕನ್ನಡದಲ್ಲಿ ಹೇಳಿದರು: ನಮ್ಮ ಎದೆ ಒಡೆದಿದೆ, ನಾವು ಒಡೆದಿಲ್ಲ. ಮರುದಿನವೇ ಆ ಮಸೀದಿಯ ಬಾಗಿಲು ತೆರೆಯಿತು. ಏಪ್ರಿಲ್ 10ಕ್ಕೆ ಅಲ್ಲಿನ ಸಂಸತ್ತು ದಾಳಿಯಲ್ಲಿ ಬಳಸಿದಂಥ ಬಂದೂಕುಗಳ ನಿಷೇಧಕ್ಕೆ 119–1 ಮತಗಳಿಂದ ಒಪ್ಪಿಗೆ ಕೊಟ್ಟಿತು. ಇದನ್ನೆಲ್ಲ ನೋಡಿಯೂ ನನಗೆ ‘ಸಹಜ’ ಎನ್ನುವ ಪದ ಬಾಯಿಗೆ ಬರಲಿಲ್ಲ. ಊರ ನಡುವಿನ ದೊಡ್ಡ ಚರ್ಚು 2011ರ ಫೆಬ್ರುವರಿಯ ಭೂಕಂಪಕ್ಕೆ ಮುರಿದದ್ದು ಆಗಲೂ ಬೇಲಿಯೊಳಗೆ ಹಾಗೇ ನಿಂತಿತ್ತು. ಆ ಭೂಕಂಪದಲ್ಲಿ 185 ಜನ ಹೋಗಿದ್ದರು. ಅದರ ಪಕ್ಕದಲ್ಲೇ ಟ್ರಾಮ್ ಓಡುತ್ತಿತ್ತು, ಜನ ಕಾಫಿ ಕುಡಿಯುತ್ತಿದ್ದರು.

ನಮ್ಮ ಹುಡುಗ ಮಾತ್ರ ಮೇ ತಿಂಗಳವರೆಗೂ ಊಟದ ಮೇಜಿನ ಕೆಳಗೆ ಕೂತೇ ಚಿತ್ರ ಬರೆಯುತ್ತಿದ್ದ. ಬೈದು ಎಬ್ಬಿಸಲಿಲ್ಲ. ಒಂದು ಚಾಪೆ ಹಾಸಿಕೊಟ್ಟೆ. ಗುಂಡಿನ ಸದ್ದು ಅವನ ಕಿವಿಗೆ ಬಿದ್ದಿರಲೂ ಇಲ್ಲ. ಕಣ್ಣೆದುರು ಅಪ್ಪನನ್ನೋ ಮಗನನ್ನೋ ಕಳೆದುಕೊಂಡವರ ಪಾಡು ಏನಿರಬೇಕು? 2020ರ ಆಗಸ್ಟ್‌ನಲ್ಲಿ, ಹದಿನೇಳು ತಿಂಗಳ ಮೇಲೆ, ಶಿಕ್ಷೆಯ ವಿಚಾರಣೆಯಲ್ಲಿ ಸುಮಾರು 90 ಮಂದಿ ತಮ್ಮ ಸಂಕಟವನ್ನು ಕೋರ್ಟಿಗೆ ಹೇಳಿಕೊಂಡರು. ಗುಂಡು ಹಾರಿಸಿದವನಿಗೆ ಪೆರೋಲೂ ಇಲ್ಲದ ಜೀವಾವಧಿ ಶಿಕ್ಷೆಯಾಯಿತು. ಆ ದೇಶದಲ್ಲಿ ಅಂಥ ಶಿಕ್ಷೆ ಅದೇ ಮೊದಲು.

ಅವನ ಹೆಸರನ್ನು ನಾನು ಬರೆಯುವುದಿಲ್ಲ. ಆಗಿನ ಪ್ರಧಾನಿ ಜೆಸಿಂಡಾ ಆರ್ಡರ್ನ್ ಸಂಸತ್ತಿನಲ್ಲೇ ತಾನು ಆ ಹೆಸರೆತ್ತುವುದಿಲ್ಲ ಎಂದಿದ್ದರು. ನಮ್ಮ ಪತ್ರಿಕೆಗಳು ಎರಡು ಕಾಲಂ ಫೋಟೋ ಸಮೇತ ಎತ್ತಿದವು.

ದೊಡ್ಡದೇನೂ ಕೇಳುತ್ತಿಲ್ಲ. ಮುಂದೆ ಇಂಥದು ಎಲ್ಲೇ ನಡೆಯಲಿ, ಮೂರನೇ ದಿನ ‘ಅಂಗಡಿಗಳು ತೆರೆದವು’ ಅಂತಿದ್ದರೆ ಹಾಗೇ ಬರೆಯಿರಿ, ಬಸ್ಸು ಓಡಿದ್ದರೆ ಬಸ್ಸು ಓಡಿತು ಅನ್ನಿ. ಮತ್ತೆ ನಿಮ್ಮ ವರದಿಗಾರರ ಡೈರಿಯಲ್ಲಿ ಏಳು ವಾರ ಬಿಟ್ಟು ಒಂದು ದಿನಕ್ಕೆ ಗುರುತು ಹಾಕಿಸಿ. ಆವತ್ತು ಆಸ್ಪತ್ರೆಗೆ ಒಂದು ಫೋನ್ ಮಾಡಿ, ಇನ್ನೂ ಯಾರು ಯಾರು ಒಳಗಿದ್ದಾರೆ ಅಂತ ಕೇಳಲಿ.

ಇತಿ ತಮ್ಮ ಹಳೆಯ ಓದುಗರಲ್ಲೊಬ್ಬಳು,
ನಿವೃತ್ತ ಶಾಲಾ ಶಿಕ್ಷಕಿ