ನಮ್ಮ ಬೈಬಲ್ ಕ್ಲಾಸಿನವರಿಗೆ

ಈಸ್ಟರ್ ಮುಗಿಯಿತು, ದೊಡ್ಡವರ ಬೈಬಲ್ ಕ್ಲಾಸೂ ಮುಗಿಯಿತು. ಭಾನುವಾರ ಆರಾಧನೆ ಆದಮೇಲೆ, ಮನೆಯಲ್ಲಿ ಅಡುಗೆ ಆಗಬೇಕಿದ್ದರೂ, ಮೊಮ್ಮಕ್ಕಳು ಸೆರಗು ಎಳೆಯುತ್ತಿದ್ದರೂ ಹಾಲ್‌ನಲ್ಲಿ ಕೂತು ನನ್ನ ಮಾತು ಕೇಳಿದ ಎಲ್ಲರಿಗೂ ಥ್ಯಾಂಕ್ಸ್. ಎದುರಿಗೆ ನಿಂತು ಹೇಳೋಕೆ ಹೋದರೆ ಅಳು ಬರುತ್ತೆ, ಅದಕ್ಕೇ ಬರೆಯುತ್ತಿದ್ದೇನೆ.

ಹೆದರಿಕೆ ಇದ್ದರೂ ದೇವರನ್ನು ನಂಬುವುದು ಹೇಗೆ ಅನ್ನೋ ವಿಷಯ ಕೊಟ್ಟಿದ್ದು ನಮ್ಮ ಸಭಾಪಾಲಕರು. ಮೊದಮೊದಲು ಯಾರೂ ಬಾಯಿ ಬಿಡಲಿಲ್ಲ. ನಮ್ಮ ಕಡೆ ಹಾಗೇ ಅಲ್ವಾ, ಭಯ ಅಂದರೆ ವಿಶ್ವಾಸ ಕಮ್ಮಿ ಅಂದುಕೊಳ್ತಾರೆ ಅಂತ ಎಲ್ಲರೂ ‘ದೇವರ ದಯೆಯಿಂದ ಚೆನ್ನಾಗಿದ್ದೀವಿ’ ಅಂದುಬಿಡುತ್ತೇವೆ. ‘ಭಯಪಡಬೇಡ’ ಅನ್ನೋದು ಬೈಬಲಿನಲ್ಲಿ 365 ಸಲ ಇದೆ, ದಿನಕ್ಕೊಂದು, ಅಂತ ವಾಟ್ಸಾಪಿನಲ್ಲಿ ಓಡಾಡುತ್ತಲ್ಲ, ಅಷ್ಟೆಲ್ಲ ಇಲ್ಲ. ಇರುವ ಕಡೆಯೂ ಎಷ್ಟೋ ಸಲ ಆಗಲೇ ನಡುಗುತ್ತಿದ್ದವರಿಗೇ ಅದನ್ನು ಹೇಳಿರೋದು.

ಮೌನ ಮುರಿದವರು ಪಾಂಡವಪುರದ ಕಡೆಯಿಂದ ಬಸ್ಸಿನಲ್ಲಿ ಬರುವ ಅಣ್ಣ. ‘ಟೀಚರಮ್ಮ, ರಾತ್ರಿ ಹೊತ್ತು ಕರೆಂಟ್ ಕೊಟ್ಟರೆ ಮೋಟರ್ ಹಾಕಕ್ಕೆ ಹೋಗ್ಲೇಬೇಕು. ಕಬ್ಬಿನ ಗದ್ದೇಲಿ ಚಿರತೆ ಐತೆ. ಪ್ರಾರ್ಥನೆ ಮಾಡ್ಕೊಂಡೇ ಹೋಗ್ತೀನಿ, ಆದ್ರೂ ತಮ್ಮನ್ನ ಎಬ್ಬಿಸ್ಕೊಂಡು, ಡಬ್ಬ ಬಡ್ಕೊಂಡು ಹೋಗ್ತೀನಿ. ಇದು ಅವಿಶ್ವಾಸನಾ?’

ಅವತ್ತಿನ ಪಾಠ ಬದಿಗಿಟ್ಟು ಬೈಬಲಿನ ನ್ಯಾಯಸ್ಥಾಪಕರು ಪುಸ್ತಕದ 7ನೇ ಅಧ್ಯಾಯ ತೆಗೆದೆವು. ಗಿದ್ಯೋನ. ಶತ್ರುಗಳಾದ ಮಿದ್ಯಾನ್ಯರ ಕಣ್ಣಿಗೆ ಬೀಳಬಾರದು ಅಂತ ದ್ರಾಕ್ಷೆಯ ಆಲೆಯಲ್ಲಿ ಅಡಗಿಕೊಂಡು ಗೋಧಿ ಬಡಿಯುತ್ತಿದ್ದವನು. ಹೆದರಿಕೆ ಇರುವವರು ಮನೆಗೆ ಹೋಗಬಹುದು ಅಂದಾಗ ಅವನ ಸೈನ್ಯದಲ್ಲಿ 22,000 ಜನ ಎದ್ದು ಹೊರಟರು, ಉಳಿದಿದ್ದು 10,000. ಹೋದವರನ್ನು ಯಾರೂ ಬೈದ ಹಾಗೆ ಬರೆದಿಲ್ಲ. ಕೊನೆಗೆ 300 ಜನ ಉಳಿದ ಆ ರಾತ್ರಿ ದೇವರು ಗಿದ್ಯೋನನಿಗೆ ಹೇಳೋದೇನು? ಶತ್ರುಗಳ ಪಾಳೆಯಕ್ಕೆ ಇಳಿಯಲು ಭಯವಿದ್ದರೆ ನಿನ್ನ ಸೇವಕ ಪುರನನ್ನು ಜೊತೆಗೆ ಕರೆದುಕೊಂಡು ಹೋಗು ಅಂತ. ನಾನಿದ್ದೀನಲ್ಲ, ಇನ್ಯಾಕೆ ಇನ್ನೊಬ್ಬ ಅಂತ ಕೇಳಲೇ ಇಲ್ಲ. ಗಿದ್ಯೋನನೂ ಜಂಬ ಮಾಡದೆ ಪುರನನ್ನು ಕರೆದುಕೊಂಡೇ ಹೋದ. ‘ಹಂಗಾದ್ರೆ ನಮ್ ತಮ್ಮನೇ ಪುರ ಬಿಡಿ’ ಅಂದರು ಅಣ್ಣ. ಹಾಲ್ ಪೂರ್ತಿ ನಕ್ಕಿತು. ಅವತ್ತಿಂದ ಮಾತು ನಿಲ್ಲಿಸೋದೇ ಕಷ್ಟವಾಯಿತು. ಮಗಳ ಮದುವೆ ಸಾಲ, ಕೆಲಸ ಹೋಗುವ ಭಯ, ಶುಗರ್, ಕಣ್ಣಿನ ಆಪರೇಷನ್, ಎಲ್ಲ ಹೊರಗೆ ಬಂತು. ಸಾಯಬೇಕು ಅಂತ ಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತ ಬುದ್ಧಿ ಹೇಳದೆ ರೊಟ್ಟಿ, ನೀರು ಕೊಟ್ಟಿದ್ದನ್ನು ಓದಿದಾಗ, ನರ್ಸ್ ಆಗಿ ರಿಟೈರ್ ಆದ ಅಕ್ಕ ‘ಮೊದಲು ಡ್ರಿಪ್ಸ್, ಆಮೇಲೆ ಕೌನ್ಸೆಲಿಂಗ್’ ಅಂದಿದ್ದನ್ನು ನಾನು ಮರೆಯಲ್ಲ.

ಇದರ ಮಧ್ಯೆ ನಮ್ಮ ಯಜಮಾನರಿಗೆ ಬೈಪಾಸ್ ಆಗಬೇಕು ಅಂದರು. ಆಪರೇಷನ್‌ಗೆ ಮುಂಚಿನ ಭಾನುವಾರ ನಾನು ಹೇಳಬೇಕಿದ್ದಿದ್ದು ಕೀರ್ತನೆ 56. ಗತ್ ಊರಿನಲ್ಲಿ ಫಿಲಿಷ್ಟಿಯರು ದಾವೀದನನ್ನು ಹಿಡಿದಾಗಿನದು ಅಂತ ಅದರ ತಲೆಬರಹದಲ್ಲೇ ಇದೆ. ಸಮುವೇಲನ ಮೊದಲ ಪುಸ್ತಕದ 21ನೇ ಅಧ್ಯಾಯ ನೋಡಿದರೆ ಅದೇ ಊರಿನಲ್ಲಿ ದಾವೀದ ಪ್ರಾಣಭಯಕ್ಕೆ ಹುಚ್ಚನ ಹಾಗೆ ನಟಿಸುತ್ತಾನೆ, ಬಾಗಿಲು ಕೆರೆಯುತ್ತಾನೆ, ಗಡ್ಡದ ಮೇಲೆ ಜೊಲ್ಲು ಸುರಿಸುತ್ತಾನೆ. ಗೊಲ್ಯಾತನನ್ನು ಕೆಡವಿದ ಅದೇ ದಾವೀದ! ಕೀರ್ತನೆಯ ಮೂರನೇ ವಚನದಲ್ಲಿ ಅವನು ನಂಬುತ್ತೇನೆ ಅನ್ನೋದು ಹೆದರಿಕೆ ಆದ ಹೊತ್ತಿನಲ್ಲೇ, ಅದು ಇಳಿದಮೇಲೆ ನೋಡೋಣ ಅನ್ನಲ್ಲ. ಇಷ್ಟು ಹೇಳುವಷ್ಟರಲ್ಲಿ ನನ್ನ ಕೈ ನಡುಗಿ ಪುಸ್ತಕದ ಅಕ್ಷರ ಕಾಣದ ಹಾಗಾಯಿತು. ಮುಂದಿನ ಸಾಲಿನ ಬನ್ನಿಮಂಟಪದ ಅಜ್ಜಿ ಎದ್ದು ಬಂದು, ಏನೂ ಮಾತಾಡದೆ, ಪುಸ್ತಕದ ಇನ್ನೊಂದು ಬದಿ ಹಿಡಿದುಕೊಂಡು ನಿಂತರು. ಪಾಠ ಮುಗಿಯುವವರೆಗೂ ನಿಂತೇ ಇದ್ದರು, ಮಂಡಿ ನೋವು ಬೇರೆ ಅವರಿಗೆ. ಅಜ್ಜಿ, ನಿಮಗೆ ಏನು ಹೇಳಲಿ.

ಕೆ.ಆರ್.ಎಸ್. ರಸ್ತೆಯ ಜಯದೇವದಲ್ಲಿ ಆಪರೇಷನ್ ಆಯಿತು. ರಾತ್ರಿ ಬಾಡಿಗೆ ಬಿಟ್ಟು ಆಟೋವನ್ನು ಗೇಟಿನ ಹತ್ತಿರವೇ ನಿಲ್ಲಿಸಿಕೊಂಡಿದ್ದ ತಮ್ಮನಿಗೆ, ಸರದಿ ಹಾಕಿಕೊಂಡು ಗಂಜಿ ತಂದುಕೊಟ್ಟ ಸ್ತ್ರೀಯರ ಸಂಘದವರಿಗೆ, ರಕ್ತ ಕೊಟ್ಟ ಯೂತ್ ಹುಡುಗರಿಗೆ ತುಂಬಾ ಥ್ಯಾಂಕ್ಸ್. ಯಜಮಾನರು ಈಗ ಬೀದಿ ಕೊನೆಯವರೆಗೆ ನಡೆಯುತ್ತಾರೆ, ಉಪ್ಪು ಕಮ್ಮಿ ಅಂತ ಗೊಣಗುತ್ತಾರೆ.

ಇನ್ನೊಂದು ಮಾತು ಹೇಳದೆ ಬಿಟ್ಟರೆ ಸರಿಯಲ್ಲ. ನಮ್ಮ ಕ್ಲಾಸಿನ ಒಬ್ಬ ತಂಗಿ ಇದೇ ಸಮಯದಲ್ಲಿ ಅಮ್ಮನನ್ನು ಕಳೆದುಕೊಂಡಳು. ಅವರಿಗೂ ಇದೇ ಹಾಲ್‌ನಲ್ಲಿ, ಇಷ್ಟೇ ಕಣ್ಣೀರಿಟ್ಟು ಪ್ರಾರ್ಥಿಸಿದ್ದೆವು. ಯಾಕೆ ಹೀಗೆ ಅನ್ನೋದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಇದೆ ಅನ್ನೋ ಹಾಗೆ ಪಾಠ ಮಾಡೋಕೂ ನನಗೆ ಇಷ್ಟವಿಲ್ಲ. ಮಣ್ಣು ಮಾಡಿ ಬಂದ ವಾರವೇ ಅವಳು ಕ್ಲಾಸಿಗೆ ಬಂದಳು. ಅವಳಿಗೆ ಎಲ್ಲರಿಗಿಂತ ಜಾಸ್ತಿ ಥ್ಯಾಂಕ್ಸ್.

ಮುಂದೆ, ನನಗ್ಯಾಕೆ ಈ ಕಷ್ಟ ಅಂತ ದೇವರನ್ನೇ ಕೇಳಿದ ಯೋಬನ ಪುಸ್ತಕ ತಗೊಳ್ಳೋಣ ಅಂತ ಕೇಳಿದವಳೂ ಅವಳೇ. ಜೂನ್‌ನಲ್ಲಿ ಶುರು. 42 ಅಧ್ಯಾಯ ಇದೆ, ಬೇಗ ಮುಗಿಯಲ್ಲ, ತಿಂಡಿ ತಿಂದುಕೊಂಡೇ ಬನ್ನಿ.