ಸ್ವಯಂಸೇವಕ ತಂಡದ ಮುಂದಾಳುಗಳ ಗಮನಕ್ಕೆ

ಮಾನ್ಯ ಸದಸ್ಯರೇ,

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನಮಗೆ ರೂಢಿಯಾದ ಸ್ವಚ್ಛತೆಯ ಕ್ರಮವನ್ನು ಕಡಲಾಮೆಗಳು ಮೊಟ್ಟೆಯಿಡುವ ಕಾಲದಲ್ಲಿ ದೇವಬಾಗ ಕಡಲತೀರಕ್ಕೆ ಹಾಗೆಯೇ ಒಯ್ಯಲಾಗದು. ಆಲಿವ್ ರಿಡ್ಲಿ ಆಮೆಯ ಮೊಟ್ಟೆಗಳು ಸುಮಾರು 45ರಿಂದ 60 ದಿನ ಮರಳಿನಡಿಯೇ ಇರುವುದರಿಂದ ಅಲ್ಲಿ ಮರಳು ಕೆದಕುವುದೇ ಹಾನಿ. ಕಲಿತದ್ದನ್ನು ಹೊಸ ಜಾಗಕ್ಕೆ ತಕ್ಕಂತೆ ತಿದ್ದಿಕೊಳ್ಳುವ, ಬೇಕಾದರೆ ಕೈಬಿಡುವ ಈ ಗುಣವೇ ಮುಂದಾಳುವಿಗೆ ಅನುಭವದ ವರ್ಷಗಳಿಗಿಂತ ಮುಖ್ಯವೆಂದು ನಾನು ನಂಬಿದ್ದೇನೆ.

ಆದ್ದರಿಂದ ಕೆಲಸ ಮುಗಿದೊಡನೆ, ಚಹಾ ಕುಡಿಯುವ ಹೊತ್ತಿನಲ್ಲೇ, ಏನಾಗಬೇಕೆಂದುಕೊಂಡಿದ್ದೆವು, ಏನಾಯಿತು, ಏಕೆ, ಮುಂದೆ ಏನು ಬದಲಿಸೋಣ ಎಂದು ಎಲ್ಲರನ್ನೂ ಕೇಳಿರಿ (ಅಮೆರಿಕದ ಸೇನೆಯಲ್ಲಿ 1970ರ ದಶಕದಲ್ಲಿ ರೂಪುಗೊಂಡ ಕ್ರಮವಿದು). ಹೊಸಬರು ಮೊದಲು ಮಾತನಾಡಲಿ, ಮುಂದಾಳು ಕೊನೆಗೆ. ಸ್ಥಳೀಯ ಮೀನುಗಾರ ಹಿರಿಯರನ್ನೂ ಕರೆಯಿರಿ. ಬಂದ ಉತ್ತರಗಳನ್ನು ಅದೇ ದಿನ ಈ ಗುಂಪಿಗೆ ಬರೆದು ಹಾಕಬೇಕಾಗಿ ವಿನಂತಿ.